ಔಷಧಿಯ ಹೆಸರಿನ ಸಕ್ಕರೆ ನೀರು

ನನ್ನ ಮಗಳು ಅನುಗೆ ಒಂದು ದಿನ ಬೆಳಿಗ್ಗೆ ಭೇದಿ ಶುರುವಾಯಿತು. ಎರಡು ವರ್ಷದ ಕೂಸು, ಹಲ್ಲು ಬರುತ್ತಿರಬೇಕು ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ವಾಂತಿಯೂ ಆಯಿತು. ನಮ್ಮೂರು ಕಕ್ಕೇರಾದ ಬೇಸಿಗೆ. ಗಂಡ ಕುರಿಗಳ ಜೊತೆ ದೂರ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ.

ಭೇದಿಯಾದರೆ ಓಆರ್‌ಎಸ್ ಕೊಡಬೇಕೆಂದು ಗೊತ್ತಿತ್ತು. ಮೆಡಿಕಲ್ ಅಂಗಡಿಯಲ್ಲಿ ಅದೇ ಹೆಸರು ಹೇಳಿ ಕೇಳಿದೆ. ಸೇಬಿನ ಚಿತ್ರವಿದ್ದ, ಸ್ಟ್ರಾ ಅಂಟಿಸಿದ ಡಬ್ಬಿ ಕೊಟ್ಟರು. ಮೇಲೆ ದೊಡ್ಡ ಅಕ್ಷರದಲ್ಲಿ ಓಆರ್‌ಎಸ್ ಎಂದೇ ಇತ್ತು.

ಅನು ಗಟಗಟ ಕುಡಿದಳು. ನನಗೆ ಜೀವ ಬಂದಂತಾಯಿತು. ಇನ್ನೊಂದು ಡಬ್ಬಿ ತಂದೆ.

ಭೇದಿ ಬರೀ ನೀರಾಯಿತು.

ಕುಡಿದಷ್ಟೂ ಹೊರಗೆ ಹೋಗುತ್ತಿತ್ತು, ಹೋದಷ್ಟೂ ನಾನು ಕುಡಿಸುತ್ತಿದ್ದೆ, ಔಷಧಿಯನ್ನೇ ಕೊಡುತ್ತಿದ್ದೇನೆ ಎಂಬ ನಂಬಿಕೆಯಿಂದ. ಸಂಜೆ ಅವಳ ಕಣ್ಣುಗಳು ಒಳಗಿಳಿದಿದ್ದವು. ಅತ್ತೆ ಅವಳ ಬಟ್ಟೆ ಮುಟ್ಟಿ ನೋಡಿದರು.

"ಕೂಸು ಉಚ್ಚಿನ ಹೊಯ್ದಿಲ್ಲ. ಏಳವಾ, ಸುರಪುರ ದವಾಖಾನಿಗೆ ಹೋಗೂನು."

ಟಂಟಂ ಆಟೋದಲ್ಲಿ ಅವಳ ಕತ್ತು ನನ್ನ ತೋಳಿನ ಮೇಲೆ ಜೋಲುತ್ತಿತ್ತು. ಮತ್ತೆ ಮತ್ತೆ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ.

ಡಾಕ್ಟರಮ್ಮ ಅವಳ ಹೊಟ್ಟೆಯ ಚರ್ಮವನ್ನು ಹಿಡಿದು ಬಿಟ್ಟರು. ಮಡಿಕೆ ಹಾಗೇ ನಿಂತಿತು. "ಸಿವಿಯರ್ ಡಿಹೈಡ್ರೇಷನ್," ಎಂದು ನರ್ಸಿಗೆ ಹೇಳಿದರು. ಡ್ರಿಪ್ ಹಾಕಲು ಕೈಯಲ್ಲಿ ನರ ಸಿಗಲಿಲ್ಲ. ಕೊನೆಗೆ ಪಾದದಲ್ಲಿ ಸಿಕ್ಕಿತು.

ಸೂಜಿ ಚುಚ್ಚಿದರೂ ಅನು ಅಳಲಿಲ್ಲ.

"ಏನ್ ಕುಡಿಸೀರಿ?" ಡಾಕ್ಟರಮ್ಮ ಕೇಳಿದರು.

"ಓಆರ್‌ಎಸ್ ರೀ ಮೇಡಂ." ಚೀಲದಿಂದ ಡಬ್ಬಿ ತೆಗೆದು ಕೊಟ್ಟೆ.

ಅವರು ಅದನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. "ಇದು ಸಕ್ಕರಿ ನೀರವಾ. ಇಷ್ಟು ಸಕ್ಕರಿ ಕರುಳಿಗೆ ಹೋದ್ರ ಮೈಯಾಗಿನ ನೀರನ್ನೂ ಎಳಕೊಂತದ, ಭೇದಿ ಹೆಚ್ಚಾಗ್ತದ. ಹೆಸರಷ್ಟ ಓಆರ್‌ಎಸ್."

ಅತ್ತೆ ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಓದಾಕ ಬರೋ ನಿನಗ ಹಿಂಗ ಮಾಡ್ಯಾರಂದ್ರ, ನನ್ನಂಥಾಕಿ ಗತಿ ಏನು?" ಅಂದರು.

ಡ್ರಿಪ್ ಹೋದ ಮೇಲೆ ಅನು ಸ್ವಲ್ಪ ಕಣ್ಣು ಬಿಟ್ಟಳು. ನರ್ಸ್ ನಿಜವಾದ ಓಆರ್‌ಎಸ್ ಪುಡಿಯ ಪಾಕೀಟು ಬಿಚ್ಚಿ, ಅಳತೆಯ ನೀರಿನಲ್ಲಿ ಕಲಸಿ, ಚಮಚದಲ್ಲಿ ಹಾಕಲು ಹೇಳಿದರು. ರುಚಿ ಹಿಡಿಸದೆ ಅವಳು ಉಗುಳಿದಳು. ಮತ್ತೊಂದು ಚಮಚ. ಮತ್ತೆ ಉಗುಳಿದಳು. ನಾನೂ ಅತ್ತೆಯೂ ಸರದಿಯಲ್ಲಿ ಕೂತೆವು. ಒಂದೊಂದೇ ಗುಟುಕು ಒಳಗೆ ಇಳಿಯತೊಡಗಿತು.

ಬೆಳಕು ಹರಿಯುವಾಗ ಅತ್ತೆ ಒಮ್ಮೆಲೇ ಕೂಗಿದರು. "ಸಿಸ್ಟರ್! ಉಚ್ಚಿ ಹೊಯ್ದು ನನ್ನ ಸೀರಿ ತೊಯಿಸ್ಯಾಳ್ರಿ! ಪೂರಾ ತೊಯಿಸ್ಯಾಳ!"

ಇಡೀ ವಾರ್ಡು ನಕ್ಕಿತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಅನು ಈಗ ಅಂಗಳದ ತುಂಬ ಓಡಾಡುತ್ತಾಳೆ, ಆದರೆ ತೂಕ ಇನ್ನೂ ಮೊದಲಿನಷ್ಟಾಗಿಲ್ಲ.

ಮೊನ್ನೆ ಅಂಗನವಾಡಿಯಲ್ಲಿ ಆಶಾ ಕಾರ್ಯಕರ್ತೆ ಅಕ್ಕ ಪುಡಿಯ ಪಾಕೀಟುಗಳನ್ನು ಮುಂದಿಟ್ಟುಕೊಂಡು ತಾಯಂದಿರನ್ನು ಸೇರಿಸಿದ್ದರು. ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಹಾಕಬಾರದೆಂದು ಸರಕಾರ ಹೇಳಿದೆಯಂತೆ. "ಆದ್ರ ಹಳೇ ಮಾಲು ಎಲ್ಲೆಲ್ಲಿ ಅದನೋ ಯಾರಿಗೆ ಗೊತ್ತು? ನೀ ಎದ್ದು ಹೇಳು," ಎಂದು ನನ್ನನ್ನು ಎಬ್ಬಿಸಿದರು.

ಜನರೆದುರು ಮಾತಾಡಿ ಗೊತ್ತಿಲ್ಲ. ಪಾದದ ಸೂಜಿಯ ತನಕ ಹೇಳಿದೆ, ಮುಂದೆ ಆಗಲಿಲ್ಲ.

ಹಿಂದೆ ಕೂತಿದ್ದ ಎಳೆ ಬಾಣಂತಿಯೊಬ್ಬಳು ಎದ್ದಳು. "ಅಕ್ಕಾ, ಆ ಪುಡಿ ಪಾಕೀಟು ನನಗೂ ಒಂದು ಕೊಡ್ರಿ. ಮನ್ಯಾಗ ಇರ್ಲಿ."

ಅವಳ ಹಿಂದೆ ಉಳಿದವರೂ ಕೈ ಚಾಚಿದರು.