ಮಂಚದಿಂದ ಮಿಲ್ಲಿಗೆ ಮೂರು ದಾರಿ

ಒಗ್ಗರಣೆಗೆಂದು ನೆನೆಸಿದ ಮಂಡಕ್ಕಿಯನ್ನು ಹಿಂಡಿ ಹಿಂಡಿ ಬುಟ್ಟಿಗೆ ಹಾಕುತ್ತಿದ್ದೆ. ಆಗ ಫೋನು ಬಂತು, ನಮ್ಮ ಯಜಮಾನರು ಕುರುಗೋಡಿನಲ್ಲಿ ಬಿದ್ದಿದ್ದಾರೆ ಎಂದು. ಬಳ್ಳಾರಿಯಿಂದ ಸಿರುಗುಪ್ಪದ ಅಕ್ಕಿ ಮಿಲ್ಲಿಗೆ ಲೆಕ್ಕ ಬರೆಯಲು ದಿನಾ ಹೋಗಿಬರುವ ಮನುಷ್ಯ. ನಡುವೆ ಚಹಾಕ್ಕೆಂದು ಬಸ್ಸಿಳಿಯುವಾಗ ಮೆಟ್ಟಿಲ ಮೇಲಿಂದಲೇ ಬಸವಣ್ಣನ ಗುಡಿಯತ್ತ ಎರಡೂ ಕೈ ಎತ್ತಿ ಮುಗಿದಿದ್ದಾರೆ. ಕಂಬಿ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಎಡಗಾಲು ಮುರಿಯಿತು, ಮುಗಿದ ಕೈಗಳಿಗೆ ಒಂದು ತರಚುಗಾಯವೂ ಇಲ್ಲ. ತನಗೆ ಒಪ್ಪಿಸಿದ್ದನ್ನು ದೇವರು ಕಾಪಾಡಿದ, ಒಪ್ಪಿಸದೆ ಬಿಟ್ಟದ್ದು ಮುರಿಯಿತು. ಅಂದಿನಿಂದ ನಾನು ಬಗ್ಗಿ ನಮಸ್ಕರಿಸುವುದನ್ನು ಬಿಟ್ಟು ಉದ್ದಕ್ಕೂ ಮಲಗಿಯೇ ನಮಸ್ಕರಿಸುತ್ತೇನೆ. ಒಂದು ಅಂಗವೂ ಲೆಕ್ಕದಿಂದ ಹೊರಗುಳಿಯಬಾರದು ನೋಡಿ.

ಕಾಲಿಗೆ ಹಾಕಿದ ಪ್ಲಾಸ್ಟರಿನ ಚಿಂತೆ ಅವರಿಗಿರಲಿಲ್ಲ. ಚಿಂತೆಯೆಲ್ಲ ಮಿಲ್ಲಿನ ಕುರ್ಚಿಯದು. ಸಾಹುಕಾರರು ಫೋನಿನಲ್ಲಿ ಮೊದಲು ಕಾಲು ವಿಚಾರಿಸಿ, ಆಮೇಲೆ ಮಾತು ಹೇಳಿದ್ದರು: "ಸೋಮವಾರ ಸಂಜಿ ಲೋಡ್ ಹೊಂಡಾಕಬೇಕು. ಬಿಲ್ ಆಗ್ಲಿಲ್ಲಂದ್ರ ದೇಶನೂರಿನವ ಒಬ್ಬ ಕೇಳ್ಯಾನ, ಅವನ್ನ ಕೂಡಸ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳಿದ ಮೇಲೆಯೇ ಮನುಷ್ಯನಿಗೆ ಸರಿಯಾಗಿ ಬೇಸರವಾಗುವುದು.

ಪಕ್ಕದ ಮನೆಯ ನಸ್ರೀನ್ ಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳೇ ದಾರಿ ತೋರಿಸಿದ್ದು. "ಅಕ್ಕಾ, ಅಣ್ಣ ಮಂಚದ ಮ್ಯಾಲೇ ಕುಂತು ಮಿಲ್ಲಿನ ಕಂಪ್ಯೂಟರ್ ನಡಸ್ಬೋದು. ಅದಕ್ಕ ಮೂರು ನಮೂನಿ ಸಾಫ್ಟ್‌ವೇರ್ ಅದಾವು. ಹಚ್ಚಿ ನೋಡೂಣು." ಭಾನುವಾರ ತಾನೇ ಸಿರುಗುಪ್ಪಕ್ಕೆ ಹೋಗಿ ಮೂರನ್ನೂ ಅಲ್ಲಿ ಹಾಕಿ ಬಂದಳು, ತನ್ನ ಲ್ಯಾಪ್‌ಟಾಪನ್ನು ನಮ್ಮ ಮಂಚದ ಮೇಲಿಟ್ಟಳು. ಇಂಥ ನೆರೆಮನೆಯನ್ನು ಕೊಟ್ಟ ದೇವರ ಮೇಲೆ ಒಂದು ಕಾಲಿನ ವಿಷಯಕ್ಕೆ ಸಿಟ್ಟಾಗುವುದು ಹೇಗೆ?

ಪುರಾಣ ಕೇಳಿದವರಿಗೆ ಇದೇನೂ ಹೊಸದಲ್ಲ. ಪರಕಾಯ ಪ್ರವೇಶ. ಯೋಗಿ ತನ್ನ ದೇಹವನ್ನು ಗುಹೆಯಲ್ಲಿಟ್ಟು, ಶಿಷ್ಯರನ್ನು ಕಾವಲಿಗಿಟ್ಟು, ಇನ್ನೊಂದು ದೇಹದೊಳಗೆ ಹೋಗುತ್ತಿದ್ದ. ನಮ್ಮಲ್ಲಿ ಗುಹೆಗೆ ಬದಲು ಮಂಚ, ಶಿಷ್ಯರಿಗೆ ಬದಲು ನಾನು. ಯೋಗಿಯ ದೇಹ ನಡುನಡುವೆ ಚಹಾ ಕೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೂರರಲ್ಲಿ ಯಾವುದು ಮೇಲು? ನಸ್ರೀನ್ ಅದಕ್ಕೆ ಏನೇನೋ ಅಳತೆ ಹೇಳಿದಳು. ನನ್ನ ಬಳಿ ಇರುವುದು ಅಡುಗೆಮನೆಯ ಅಳತೆ. ಮೊದಲನೆಯದರಲ್ಲಿ ಮಿಲ್ಲಿನ ಪರದೆ ಕನ್ನಡಿಯ ಹಾಗೆ ಸ್ವಚ್ಛ ಕಾಣುತ್ತದೆ. ಆದರೆ ಇಲ್ಲಿ ಒತ್ತಿದ್ದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಇಲ್ಲಿ ಹಾಲು ಉಕ್ಕಿರುತ್ತದೆ. ಎರಡನೆಯದು ಚುರುಕು, ಸಾಸಿವೆ ಸಿಡಿಯುವುದರೊಳಗೆ ಕೆಲಸ ಮುಗಿಸುತ್ತದೆ. ಆದರೆ ಊದಿನಕಡ್ಡಿಯ ಹೊಗೆಯೊಳಗೆ ದೇವರನ್ನು ನೋಡಿದಂತೆ ಎಲ್ಲವೂ ಮಸುಕು. ಮೂರನೆಯದು ಚುರುಕೂ ಹೌದು, ಸ್ವಚ್ಛವೂ ಹೌದು; ಸ್ವಲ್ಪ ಹೊತ್ತಿಗೆ ಪುಕ್ಕಟೆ ಸಮಯ ಮುಗಿಯಿತೆಂದು ನಯವಾಗಿ ಬಾಗಿಲು ಮುಚ್ಚುತ್ತದೆ. ಮಸುಕಾದರೂ ಇರಲಿ ಎಂದು ಎರಡನೆಯದನ್ನು ಹಿಡಿದೆವು. ದೇವರನ್ನಾದರೂ ಸ್ವಚ್ಛವಾಗಿ ಕಂಡು ನಂಬಿದವರಾರು?

ಸೋಮವಾರ ನಸ್ರೀನ್ ಸ್ಕೂಲಿಗೆ ಹೋದಳು. ಭಾನುವಾರದ ಅಂಕಿಗಳನ್ನು ಅವಳೇ ಬರೆದು ತಂದಿದ್ದಳು, ಅವು ಒಂದು ದಿನಕ್ಕಷ್ಟೇ. ಒಳಗೆ ಹೋಗಬೇಕಾದರೆ ಅಲ್ಲಿನ ಪರದೆಯ ಮೇಲೆ ಬರುವ ಹೊಸ ಅಂಕಿಗಳನ್ನು ಯಾರಾದರೂ ಓದಿ ಹೇಳಬೇಕು, ಇಲ್ಲಿ ಅವನ್ನು ಒತ್ತಬೇಕು. ಓದಲು ಒಪ್ಪಿದವಳು ಮಿಲ್ಲಿನ ಆಫೀಸಿನಲ್ಲಿ ಕಸ ಗುಡಿಸಿ ಚಹಾ ಕೊಡುವ ಸುಬ್ಬಮ್ಮ. ಅಲ್ಲೇ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವಳು, ಮನೆಮಾತು ತೆಲುಗು. ಕೈಯಲ್ಲಿ ಗುಂಡಿಯ ಫೋನು. ಹಿಂದೆ ಮಿಲ್ಲಿನ ಗದ್ದಲ. ಅವಳು ಹೇಳಿದ್ದನ್ನು ನಾನು ಕೇಳಿ ಹೇಳುವುದು, ಯಜಮಾನರು ಒತ್ತುವುದು.

"ಮೂರು... ಐದು..."

"ಮುಂದ?" ಎಂದೆ.

"ಎಂಟಿ?"

"ಎಂಟು ಒತ್ರಿ," ಎಂದೆ ಇವರಿಗೆ.

"ಮುಂದ ಹೇಳಬೇ!"

"ಎಂಟಿ?"

"ಇನ್ನೊಂದು ಎಂಟು."

ಯಂತ್ರ ಒಪ್ಪಲಿಲ್ಲ. ಮತ್ತೆ ಮೊದಲಿಂದ. ಈ ಸಲ ಎಂಟುಗಳು ಇನ್ನೂ ಹೆಚ್ಚಾದವು. ಹೊತ್ತು ಇಳಿಯುತ್ತಿತ್ತು. ಯಜಮಾನರು ಮಂಚದ ಮೇಲೆ ಕುದಿದರು: "ಅಕಿ ಅಂಕಿ ಹೇಳಾಕತ್ತಾಳೋ, ಗುಡಿ ಗಂಟಿ ಬಾರಸಾಕತ್ತಾಳೋ? ದೇಶನೂರಿನವ ಬಂದು ಬೆಂಚಿನ ಮ್ಯಾಲೆ ಕುಂತಾನಂತ!"

ನಾನು ಗಂಟಲು ಹರಿಯುವಂತೆ ಕೂಗಿದೆ: "ಸುಬ್ಬಮ್ಮಾ, ಅಲ್ಲಿ ಒಟ್ಟು ಎಷ್ಟು ಎಂಟು ಅದಾವಬೇ?"

"ಎಂಟಾ? ಒಂದೂ ಇಲ್ಲಮ್ಮಾ! ನೀವು ಅಂದಿದ್ದು ಕೇಳಂಗಿಲ್ಲ, ಅದಕ್ಕ 'ಏಂಟಿ, ಏಂಟಿ' ಅಂತ ನಾನು ಕೇಳಾಕತ್ತೀನಿ!"

ಏಂಟಿ ಎಂದರೆ ತೆಲುಗಿನಲ್ಲಿ 'ಏನು'. ಬಳ್ಳಾರಿಯಲ್ಲಿ ಹುಟ್ಟಿ, ತೆಲುಗಿನಲ್ಲೇ ತರಕಾರಿ ಚೌಕಾಸಿ ಮಾಡುವ ನನಗೆ ಇದು ತಿಳಿಯದ್ದೇನಲ್ಲ. ಅಂಕಿಗಾಗಿ ಕಾದು ಕುಳಿತ ಕಿವಿಗೆ ಪ್ರಶ್ನೆಯೂ ಅಂಕಿಯೇ ಆಯಿತು.

ಎಂಟುಗಳನ್ನೆಲ್ಲ ಆರಿಸಿ ತೆಗೆದು ಒತ್ತಿದರೆ, ಶಿವನೇ, ಮಿಲ್ಲು ನಮ್ಮ ಮಂಚಕ್ಕೆ ಬಂತು! ಯಜಮಾನರು ಪರದೆಯ ಮೇಲಿನ ಬಾಣದ ಗುರುತನ್ನು ಆಡಿಸಿದರು. ಫೋನಿನಲ್ಲಿ ಸುಬ್ಬಮ್ಮ ಚೀರಿದಳು: "ಅಮ್ಮಾ! ಬಾಣ ತಾನಾ ಓಡಾಡಾಕತ್ತೈತಿ!"

"ಹೆದರಬ್ಯಾಡ, ನಾನೇ ಬಂದೀನಿ," ಎಂದರು ಇವರು.

"ಸತ್ತವ್ರು ಹಿಂಗ ಬರೋದು ಕೇಳೀನ್ರಿ. ಬದುಕಿದ್ದವ್ರೂ ಬರ್ತಾರಾ?"

ಬಿಲ್ಲು ಆಯಿತು, ಲಾರಿ ಹೊರಟಿತು. ಸ್ವಲ್ಪ ಹೊತ್ತಿಗೆ ಸುಬ್ಬಮ್ಮನೇ ಮತ್ತೆ ಫೋನು ಮಾಡಿದಳು, ದನಿ ತಗ್ಗಿಸಿ: "ಸಾರ್, ಆ ದೇಶನೂರಿನವ್ರು ಸುಮ್ನ ನಿಮ್ಮ ಕುರ್ಚಿ ಮ್ಯಾಲ ಕೂಡಾಕ ಹೋದ್ರು. ನಾನು ಬಾಣ ತೋರ್ಸಿ, ಕುರ್ಚಿ ಖಾಲಿ ಇಲ್ರಿ, ಸಾರು ಕುಂತಾರ ಅಂದೆ. ಚಹಾನೂ ಕುಡಿಲಿಲ್ಲ, ಹೋದ್ರು!" ಸಾಹುಕಾರರದೂ ಒಪ್ಪಿಗೆ ಬಂತು. ಕಾಲು ಕೂಡುವವರೆಗೆ ಹೀಗೇ ನಡೆಯಲಿ.

ದಿನಾ ಎದುರಿಗೆ ಕುಳಿತವರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಕಾಣದೆ ಬರುವವರಿಗೆ ಕುರ್ಚಿ ಬಿಟ್ಟುಕೊಡುತ್ತಾರೆ. ದೇವರು ಇದನ್ನು ಎಂದೋ ಅರಿತು ದೂರ ಉಳಿದಿರಬೇಕು.

ಯಜಮಾನರಿಗೆ ಮಾತ್ರ ಗೆದ್ದ ಹುರುಪು. ದೂರದಿಂದ ನಡೆಸುವ ರುಚಿ ಹತ್ತಿತ್ತು. ಅಡುಗೆಮನೆಯತ್ತ ಮುಖ ಮಾಡಿ ಮಂಚದಿಂದಲೇ ಶುರು ಮಾಡಿದರು: "ಎಸರು ಕುದೀತೇನು? ಉಪ್ಪು ಹಾಕಿದ್ಯಾ? ಹಿಟ್ಟು ಭಾಳ ಬಿರುಸು ಮಾಡಬ್ಯಾಡ!"

"ಈ ಕಡಿ ನೆಟ್ವರ್ಕ್ ಸಿಗವಲ್ದು ನೋಡ್ರಿ," ಎಂದು, ಜೋಳದ ಹಿಟ್ಟು ನಾದಲು ಕುಳಿತೆ.