ಎಡ ಭುಜದ ಎರಡು ಸಾಲು

ಹಾಗಂತ ಕಡ್ಡಿ ಅಕ್ಕನಿಗೆ ಕೋಪವೇ ಬರುವುದಿಲ್ಲ ಎಂದಲ್ಲ. ಬರುತ್ತದೆ, ಆದರೆ ಬಾಯಿಗೆ ಬರುವುದಿಲ್ಲ, ಕೈಗೆ ಇಳಿಯುತ್ತದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಗೆದ ಹಾಸು ಹೊದಿಕೆಗಳನ್ನು ಮಡಿಸಿಡುವ ಕೋಣೆಯೊಂದಿದೆಯಲ್ಲ, ಅಲ್ಲಿ ಅವಳಿಗೆ ಕೆಲಸ. ಕೋಪ ಬಂದ ದಿನ ಅವಳು ಮಡಿಸಿದ ಚಾದರದ ಅಂಚಿನಲ್ಲಿ ಕಾಗದ ಕತ್ತರಿಸಬಹುದು. ತುರುಬಿಗೆ ಸದಾ ಉಲ್ಲನ್ ಹೆಣೆಯುವ ಒಂದು ಕ್ರೋಶಾ ಕಡ್ಡಿ ಸಿಕ್ಕಿಸಿಕೊಂಡಿರುತ್ತಾಳೆ, ಅದಕ್ಕೇ ವಾರ್ಡಿನವರು ಆ ಹೆಸರಿಟ್ಟಿದ್ದು.

ಇದೆಲ್ಲ ಶುರುವಾದದ್ದು ಒಂದು ಮಗುವಿನಿಂದ. ಒಂದೇ ಮನೆ, ಒಂದೇ ಅಡುಗೆಮನೆ: ಕಡ್ಡಿ ಅಕ್ಕ, ಗಂಡ, ಮೈದುನ, ಅವನ ಹೆಂಡತಿ, ಇಬ್ಬರಿಗೂ ಸೇರಿ ಒಬ್ಬರು ಅತ್ತೆ. ಈ ಓರಗಿತ್ತಿ ಉಲ್ಲನ್, ಗುಂಡಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅವಳಿಗೆ ಗಂಡು ಮಗುವಾದಾಗ ಎಷ್ಟು ಹೊಲಿಗೆ, ಎಷ್ಟು ಸಾಲು ಎಂದು ಬರೆದ, ಅಂಗಡಿಯಿಂದಲೇ ಬಂದ ಒಂದು ಮಾದರಿ ಚೀಟಿ ನೋಡಿಕೊಂಡು ಕಡ್ಡಿ ಅಕ್ಕ ನಾಲ್ಕೇ ದಿನದಲ್ಲಿ ಕೂಸಿಗೊಂದು ಜಾಕೆಟ್ ಹೆಣೆದಳು. ಮುಂದಕ್ಕೆ ಎರಡು ತುಂಡು, ಬೆನ್ನಿಗೆ ಒಂದು, ಅಂಚಿಗೆ ಪುಟ್ಟ ಪುಟ್ಟ ಚಿಪ್ಪು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹುಟ್ಟಿ ಎಂಟು ದಿನ ಆಗಿಲ್ಲ, ಇವನ ಠೀವಿ ನೋಡು! ನಾನು ಎಪ್ಪತ್ತು ವರ್ಷದಿಂದ ಇದೀನಿ, ನನಗೆ ಅದೇ ಹರಕು ಶಾಲು."

"ನಿಮಗೂ ಹಾಕ್ಕೊಡ್ತೀನಿ ಬಿಡಿ ಅತ್ತೆ, ಇಂಥದ್ದೇ."

ಆಡಿದ್ದು ತಮಾಷೆಗೆ. ಆದರೆ ಕಡ್ಡಿ ಅಕ್ಕ ಮಾತು ಕೊಟ್ಟರೆ ಮುಗಿಯಿತು.

ಮೊದಲು ಮಾಡಿದ್ದು ನಾವೆಲ್ಲ ಮಾಡುವ ತಪ್ಪೇ. ಚೀಟಿಯಲ್ಲಿದ್ದ ಹೊಲಿಗೆಗಳನ್ನೆಲ್ಲ ಎರಡೂವರೆ ಪಟ್ಟು ಮಾಡಿದಳು. ಜಾಕೆಟ್ಟಿನ ಕುತ್ತಿಗೆ ಅತ್ತೆಯ ಭುಜ ದಾಟಿ ಮೊಣಕೈ ಮೇಲೆ ಬಂದು ಕೂತಿತು. "ಇದರೊಳಗೆ ನಿನ್ನ ಮಾವನೂ ಹಿಡಿಸ್ತಿದ್ರು ಕಣೆ," ಅಂದರು ಅತ್ತೆ. ಆಮೇಲೆ ಹೊಲಿಗೆ ಅಷ್ಟೇ ಇಟ್ಟು ದಪ್ಪ ಉಲ್ಲನ್ನು, ದಪ್ಪ ಕಡ್ಡಿ ಹಿಡಿದಳು. ಅದು ತನ್ನಷ್ಟಕ್ಕೆ ತಾನೇ ನಿಂತುಕೊಂಡಿತು. "ಇದನ್ನ ಬಾಗಿಲಿಗೆ ಹಾಕು, ಕಾಲು ಒರೆಸೋಕೆ ಆಗುತ್ತೆ."

ಆಗ ಅವಳಿಗೆ ಹೊಳೆಯಿತು. ಕೂಸು ಎಂದರೆ ಸಣ್ಣ ಮನುಷ್ಯನಲ್ಲ, ಬೇರೆಯೇ ಆಕಾರ. ಕೂಸಿನ ಮೈಗೆಲ್ಲ ತಲೆಯೇ ದೊಡ್ಡದು. ದೊಡ್ಡವರಾಗುವಾಗ ಕುತ್ತಿಗೆ ಒಂದೂವರೆ ಪಟ್ಟಾದರೆ ಎದೆ ಎರಡೂವರೆ ಪಟ್ಟು, ತೋಳಿನ ಉದ್ದ ಮೂರು ಪಟ್ಟು. ಪ್ರತಿ ಭಾಗಕ್ಕೂ ಬೇರೆ ಲೆಕ್ಕ ಬೇಕು. ಅಂಗೈ ಅಗಲದ ತುಂಡು ಹಾಕಿ, ಒಗೆದು, ಒಣಗಿಸಿ, ಅದರಲ್ಲಿ ಹೊಲಿಗೆ ಎಷ್ಟು, ಸಾಲು ಎಷ್ಟು ಎಂದು ಎಣಿಸಿ ಉದ್ದ ನೋಟ್‌ಬುಕ್ಕಿನಲ್ಲಿ ಬರೆದಳು. ಏಳು ಸಲ ಬಿಚ್ಚಿದಳು. ಬಿಚ್ಚಿದ ನೂಲನ್ನು ಪಕ್ಕದಲ್ಲಿ ಕೂತು ಉಂಡೆ ಸುತ್ತಿದವಳು ಯಾರು? ಓರಗಿತ್ತಿಯೇ. "ಅಕ್ಕ, ನಿಮ್ಮ ತಾಳ್ಮೆಗೆ ಕೈ ಮುಗೀಬೇಕು," ಅನ್ನುತ್ತಿದ್ದಳು.

ಇನ್ನೊಂದು ವಿಷಯವಿತ್ತು. ಅತ್ತೆ ಒಮ್ಮೆ ಮೆಟ್ಟಿಲಿನಿಂದ ಬಿದ್ದು ಎಡ ಭುಜ ಮುರಿದುಕೊಂಡಿದ್ದರು. ಕೂಡಿದ ಮೇಲೂ ಅದು ಎರಡು ಬೆರಳಿನಷ್ಟು ಕೆಳಗೇ ಉಳಿಯಿತು. ಯಾವ ಬಟ್ಟೆ ಹಾಕಿದರೂ ಆ ಕಡೆ ಜೋತು ಬೀಳುತ್ತಿತ್ತು. ಕಡ್ಡಿ ಅಕ್ಕ ಬಲ ಭುಜಕ್ಕೆ ಹದಿನೆಂಟು ಸಾಲು ಹಾಕಿ, ಎಡಕ್ಕೆ ಹದಿನಾರೇ ಹಾಕಿದಳು. ಎಂಟನೇ ಸಲ ಜಾಕೆಟ್ ಅತ್ತೆಯ ಮೈಮೇಲೆ ನೆಟ್ಟಗೆ ಕೂತಿತು. ಅತ್ತೆ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದರೆಂದರೆ ಒಲೆ ಮೇಲಿನ ಹಾಲು ಉಕ್ಕಿ ಹೋಯಿತು.

ಆರು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಮಕ್ಕಳ ವಾರ್ಡಿನ ನರ್ಸ್ ಜಾಕೆಟ್ ಒಂದನ್ನು ಹಿಡಿದುಕೊಂಡು ನೆಲಮಾಳಿಗೆಗೆ ಬಂದಳು.

"ಅಕ್ಕ, ಸ್ವಲ್ಪ ನೋಡಿ. ಎರಡು ಸಲ ಬಿಚ್ಚಿ ಹಾಕ್ದೆ, ಎಡಗಡೆ ಹಿಡ್ಕೊಳ್ಳುತ್ತೆ. ನಮ್ಮ ವಾರ್ಡಲ್ಲೇ ಮೂರು ಜನ ಹಾಕಿದ್ವಿ, ಮೂವರದ್ದೂ ಹಾಗೇ."

ಕಡ್ಡಿ ಅಕ್ಕ ಜಾಕೆಟ್ಟನ್ನು ಮೇಜಿನ ಮೇಲೆ ಹರಡಿ ಎಣಿಸಿದಳು. ಬಲಕ್ಕೆ ಹದಿನೆಂಟು. ಎಡಕ್ಕೆ ಹದಿನಾರು. ಮತ್ತೆ ಎಣಿಸಿದಳು.

"ಯಾರು ಹೇಳ್ಕೊಟ್ಟಿದ್ದು ಇದನ್ನ?"

"ಉಲ್ಲನ್ ಅಂಗಡೀಲಿ ಚೀಟಿ ಕೊಡ್ತಾರಲ್ಲ! 'ಕೂಸಿನ ಜಾಕೆಟ್, ಈಗ ದೊಡ್ಡವರಿಗೂ' ಅಂತ. ತುಂಬಾ ಓಡ್ತಿದೆ."

ನರ್ಸ್ ತೋರಿಸಿದ್ದು ಬಣ್ಣದ ಚೀಟಿ, ಒಳಗೆ ಕಡ್ಡಿ ಅಕ್ಕನ ನೋಟ್‌ಬುಕ್ಕಿನ ಲೆಕ್ಕವೇ. ಕೆಳಗೆ ರೂಪಿಸಿದವರು ಎಂದು ಓರಗಿತ್ತಿಯ ನಗುಮುಖ. ಮೇಲೆ ಜಾಕೆಟ್ ಹಾಕಿದ ಒಬ್ಬರ ಚಿತ್ರ, ಕತ್ತಿನಿಂದ ಮೇಲಕ್ಕೆ ಕತ್ತರಿಸಿದ್ದರು. ಮುಖ ಇರಲಿಲ್ಲ, ಆದರೆ ಗುಂಡಿ ಹಿಡಿದ ಹೆಬ್ಬೆರಳಿನ ಉಗುರು ಸೀಳಿತ್ತು. ಆ ಉಗುರನ್ನು ಪ್ರತಿ ಭಾನುವಾರ ಕತ್ತರಿಸುವವಳೇ ಕಡ್ಡಿ ಅಕ್ಕ. ಅವಳು ಚಾದರಗಳ ಗಂಟಿನ ಮೇಲೆ ಕೂತುಬಿಟ್ಟಳು. ಓರಗಿತ್ತಿ ಮಾಡಿದ್ದು ಒಂದು ಕಡೆ ಇರಲಿ, ಅತ್ತೆ ಹೋಗಿ ನಿಂತಿದ್ದರಲ್ಲ!

ಸಂಜೆ ಮನೆಗೆ ಹೋಗಿ ಚೀಟಿಯನ್ನು ಊಟದ ಮೇಜಿನ ಮೇಲಿಟ್ಟಳು. ಓರಗಿತ್ತಿ ಮಗುವಿಗೆ ಊಟ ಮಾಡಿಸುತ್ತಿದ್ದವಳು ಚಮಚ ನಿಲ್ಲಿಸಿದಳು, ಅಷ್ಟೇ.

"ಅಯ್ಯೋ, ಹೇಳ್ಬೇಕು ಅಂತಾನೇ ಇದ್ದೆ ಅಕ್ಕ. ನಿಮಗೆ ಹೆಸರು ಗಿಸರು ಎಲ್ಲ ಇಷ್ಟ ಇಲ್ವಲ್ಲ ಅಂತ..."

"ನನ್ನ ಕೇಳಿದ್ಯಾ, ಇಷ್ಟ ಇದ್ಯಾ ಇಲ್ವಾ ಅಂತ?"

"ಏನೀಗ? ನೀವೂ ಇನ್ನೊಬ್ಬರ ಚೀಟಿ ನೋಡ್ಕೊಂಡೇ ಹಾಕಿದ್ದು. ಆ ಚೀಟಿ ತಂದ್ಕೊಟ್ಟೋಳು ನಾನೇ."

ಏಳು ಸಲ ಬಿಚ್ಚಿದ್ದನ್ನು ಯಾವ ಮಾತಿನಲ್ಲಿ ಹೇಳುವುದು? ಕಡ್ಡಿ ಅಕ್ಕ ಅತ್ತೆಯ ಕಡೆ ತಿರುಗಿದಳು. ಅವರು ಒಂದು ಮಾತು ಆಡಿದ್ದರೆ ಸಾಕಿತ್ತು, 'ಇವಳು ಹಾಕಿದ್ದು' ಎಂದಷ್ಟೇ.

"ಫೋಟೋಗೆ ನಿಲ್ಲಿ ಅಂದ್ಳು, ನಿಂತೆ," ಅಂದರು ಅತ್ತೆ. "ಮನೇಲಿ ಜಗಳ ಬೇಡಮ್ಮ. ನೀನು ದೊಡ್ಡೋಳು, ತಡ್ಕೊಳ್ತೀಯ."

"ನನ್ನ ಹೆಸರು ಹಾಕ್ತಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಅತ್ತೆ ಜಾಕೆಟ್ಟಿನ ಅಂಚು ಸವರುತ್ತ ಕೂತರು. "ಗೊತ್ತಿತ್ತು."

ಓರಗಿತ್ತಿ ಅಷ್ಟರಲ್ಲಿ ಗಂಟಲು ಸರಿಮಾಡಿಕೊಂಡು, "ಅಂಗಡೀಗೆ ದಿನಾ ದೂರು ಬರ್ತಿದೆ ಅಕ್ಕ. ಎಡಗಡೆ ಅದೇನು ತಪ್ಪಾಗಿದೆ, ಒಂಚೂರು ಹೇಳಿಬಿಡಿ," ಅಂದಳು. ಎಷ್ಟು ಧೈರ್ಯ ನೋಡಿ!

"ತಪ್ಪೇನಿಲ್ಲ," ಅಂದಳು ಕಡ್ಡಿ ಅಕ್ಕ. "ಹಾಕಿದೋಳು ನೀನಲ್ವಾ? ಬಿಚ್ಚಿ ನೋಡು."

ಅತ್ತೆಗೂ ಗೊತ್ತಿತ್ತು ಅದು ಯಾರ ಭುಜ ಎಂದು. ಅವರೂ ಬಾಯಿ ಬಿಡಲಿಲ್ಲ.

ಮನೆ ಒಡೆಯಲಿಲ್ಲ. ಈಗಲೂ ಒಂದೇ ಅಡುಗೆಮನೆ. ಅತ್ತೆಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುವವಳು ಕಡ್ಡಿ ಅಕ್ಕನೇ. ಆದರೆ ಆ ಮನೆಯವರಿಗಾಗಿ ಅವಳು ಮತ್ತೆ ಒಂದು ಸರಪಳಿ ಹೊಲಿಗೆಯನ್ನೂ ಹಾಕಿಲ್ಲ. ಅತ್ತೆ ಒಮ್ಮೆ "ಟೋಪಿ ಒಂದು..." ಎಂದು ಶುರುಮಾಡಿ ತಾವೇ ನಿಲ್ಲಿಸಿದರು. ನೋಟ್‌ಬುಕ್ ಏನಾಯಿತೋ ಯಾರಿಗೂ ಗೊತ್ತಿಲ್ಲ. ಕೇಳಿದರೆ ಮಾತು ತೇಲಿಸುತ್ತಾಳೆ.

ನರ್ಸಿನ ಜಾಕೆಟ್ಟನ್ನು ಮಾತ್ರ ಮರುದಿನವೇ ಸರಿಮಾಡಿಕೊಟ್ಟಳು. ಆಮೇಲೆ ಉಳಿದಿಬ್ಬರು ಬಂದರು, ಆಮೇಲೆ ಅಡುಗೆಯವರು, ಎಕ್ಸ್‌ರೇ ತೆಗೆಯುವ ಹುಡುಗಿ, ಅವಳ ಚಿಕ್ಕಮ್ಮ. ಯಾರಿಗೂ ಬರೆದುಕೊಡುವುದಿಲ್ಲ, ಎದುರಿಗೆ ನಿಲ್ಲಿಸಿಕೊಂಡು ಅಳತೆ ತೆಗೆದು ಕೈ ಹಿಡಿದು ಕಲಿಸುತ್ತಾಳೆ. "ಇದಕ್ಕೆ ಚೀಟಿ ಇಲ್ವಾ?" ಎಂದು ಹೊಸಬರು ಕೇಳಿದರೆ ಕೋಣೆಯವರೆಲ್ಲ ಒಟ್ಟಿಗೆ ಕೆಮ್ಮುತ್ತಾರೆ.

ನೀವೂ ಒಂದು ಸಲ ಹೋಗಿ. ಮಧ್ಯಾಹ್ನ ಊಟದ ಹೊತ್ತಿಗೆ, ಆಸ್ಪತ್ರೆಯ ಹಿಂದಿನ ಬಾಗಿಲಿನಿಂದ. ಲಿಫ್ಟು ಅಲ್ಲಿಯವರೆಗೆ ಇಳಿಯುವುದಿಲ್ಲ, ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ನಿಮಗೆ ಇಷ್ಟವಾದ ಬಣ್ಣದ ಉಲ್ಲನ್ನು ತೆಗೆದುಕೊಂಡು ಹೋಗಿ. ಮೊದಲ ದಿನ ಅವಳು ಹೆಚ್ಚು ಮಾತಾಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎರಡನೆಯ ದಿನವೂ ಹೋಗಿ.