ಹುಗ್ಗಿಯೋ ಬ್ಯಾಟರಿಯೋ?

ಈ ಊರಿನಲ್ಲಿ ಕರೆಂಟು ಹೋಗುವುದೇ ಇಲ್ಲ ಎಂದರೆ ನಂಬುತ್ತೀರಾ? ಬಂದು ಎಂಟು ತಿಂಗಳಾಯಿತು, ಒಂದು ದಿನವೂ ಹೋಗಿಲ್ಲ. ಆದರೂ ನನ್ನ ವಿಡಿಯೊ ಕ್ಯಾಮೆರಾದ ಬ್ಯಾಟರಿ ತುಂಬಲೊಲ್ಲದಾಗಿತ್ತು!

ಸಂಡೂರಿನ ಗಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ನಮ್ಮ ಯಜಮಾನರಿಗೆ ಕೆನಡಾದ ಗಣಿಯೂರೊಂದರಲ್ಲಿ ಕೆಲಸ ಸಿಕ್ಕಿತು. ಮನೆಯೊಡತಿ ಮಾರ್ಥಾ ಮೇಲಿರುತ್ತಾಳೆ. ನಾವು ಬೇಸ್‌ಮೆಂಟಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ. ನಮ್ಮಲ್ಲಿ ನೆಲದ ಕೆಳಗೆ ಜೋಳ ತುಂಬುತ್ತಾರೆ, ಇಲ್ಲಿ ಬಾಡಿಗೆದಾರರನ್ನು!

ಮಗಳು ಹುಟ್ಟಿದಾಗ ಕಂಪ್ಲಿಯಿಂದ ಅವ್ವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಕೂಸಿನ್ನ ತೊಟ್ಲಿಗೆ ಹಾಕಿ ಹೆಸರು ಕರಿಯೋದು ನಾ ಕಣ್ಣಾರೆ ನೋಡಬೇಕವ್ವ." ನಾಮಕರಣದ ಮರುದಿನವೇ ಯಜಮಾನರ ಗೆಳೆಯರೊಬ್ಬರು ಊರಿಗೆ ಹೊರಟಿದ್ದರು. ಅವ್ವನಿಗೆ ವಿಡಿಯೊ ಕ್ಯಾಸೆಟ್ಟು ಒಯ್ಯಲು ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಊರಿನಿಂದ ತಂದ ಕ್ಯಾಮೆರಾದ ಚಾರ್ಜರ್ ಕಂಪ್ಲಿಯ ರೇಡಿಯೊ ರಿಪೇರಿಯವನು ಕಟ್ಟಿಕೊಟ್ಟದ್ದು. ಇಲ್ಲಿ ಅದರ ದೀಪ ಮಿಣಿಮಿಣಿ ಎನ್ನುತ್ತಿತ್ತು. ನಾನು ಹೆದರಲಿಲ್ಲ. ಕಾಲುವೆ ನೀರು ಬಂದು ಎಲ್ಲರೂ ಭತ್ತ ಬೆಳೆಯತೊಡಗಿದ ಮೇಲೆ ನಮ್ಮಲ್ಲಿ ಅಕ್ಕಿ ಗಿರಣಿಗಳು ತಿರುಗಿದಾಗಲೆಲ್ಲ ಬಲ್ಬು ಕೆಂಪಗಾಗುತ್ತಿತ್ತು. ಗಿರಣಿ ನಿಂತರೆ ವೋಲ್ಟೇಜು ತಾನೇ ಏರುತ್ತಿತ್ತು. ಇಲ್ಲೂ ಹಾಗೇ ಎಂದುಕೊಂಡು ಎರಡು ದಿನ ಕಾದೆ. ನಾಮಕರಣದ ಬೆಳಿಗ್ಗೆ ತಡೆಯದೆ ಮಾರ್ಥಾಳನ್ನು ಕೇಳಿದೆ: "ನಿಮ್ಮೂರಿನ ಗಿರಣಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ?"

"ಯಾವ ಗಿರಣಿ?" ಎಂದಳು. ಅವಳಿಗೂ ತಲೆಬುಡ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಯಜಮಾನರು ನಕ್ಕರು. "ಏ ಹುಚ್ಚಿ, ಇಲ್ಲಿ ವೋಲ್ಟೇಜೇ ನಮ್ಮದರ ಅರ್ಧ. ವರ್ಷ ಕಾದ್ರೂ ಏರಂಗಿಲ್ಲ."

"ಮೊದಲ ಹೇಳಾಕ ಏನಾಗಿತ್ರಿ ನಿಮಗ?" ಎಂದು ಸಿಡುಕಿದೆ. ಅಳುವೇ ಬಂತು.

ನಮ್ಮೂರಿನಷ್ಟು ವೋಲ್ಟೇಜು ಇರುವುದು ಅಡುಗೆಯ ಕರೆಂಟು ಒಲೆಗೆ ಮಾತ್ರವಂತೆ. ಅದರ ಪ್ಲಗ್ಗು ಕಿತ್ತು ಚಾರ್ಜರಿನ ತಂತಿ ಜೋಡಿಸಬೇಕು. ಒಲೆಯ ಮೇಲೆ ಗೋಧಿ ಹುಗ್ಗಿ ಅರೆಬೆಂದಿತ್ತು. ಹುಗ್ಗಿಯೋ ಬ್ಯಾಟರಿಯೋ? ಹುಗ್ಗಿ ಹಾಳಾಗಲಿ, ಬ್ಯಾಟರಿಯೇ ಎಂದೆ. ಯಜಮಾನರು ತಂತಿ ಜೋಡಿಸಿದರು, ಚಾರ್ಜರಿನ ದೀಪ ಝಗ್ಗೆಂದು ಹೊತ್ತಿತು.

ನಮ್ಮ ಕಡೆ ಸೋದರತ್ತೆ ಮಗುವಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಕರೆಯಬೇಕು, ಸುತ್ತಲಿನವರು ಅವಳ ಬೆನ್ನಿಗೆ ಗುದ್ದಬೇಕು. ಇಲ್ಲಿ ಸೋದರತ್ತೆಯನ್ನು ಎಲ್ಲಿಂದ ತರಲಿ? ಮಾರ್ಥಾಳೇ ಹೆಸರು ಕರೆದಳು. ನಾನು ಗುದ್ದಿದೆ. ತಾನೇನು ತಪ್ಪು ಮಾಡಿದೆ ಎಂದು ಪಾಪ, ಬೆಚ್ಚಿ ಕೇಳಿದಳು. ಎಲ್ಲವೂ ಕ್ಯಾಸೆಟ್ಟಿಗೆ ಸೇರಿತು.

ಕ್ಯಾಸೆಟ್ಟು ಕಂಪ್ಲಿ ಮುಟ್ಟಿದ ಮೇಲೆ, ಅಲ್ಲಿ ಪಕ್ಕದ ಮನೆಯಲ್ಲಿ ಅದನ್ನು ನೋಡಿ ಅವ್ವ ಫೋನು ಮಾಡಿಸಿದಳು. ಸಾಕು, ಕೂಸಿನೊಡನೆ ಊರಿಗೆ ಹೊರಟು ಬಾ ಎನ್ನುತ್ತಾಳೆಂದು ಆಸೆಯಿಂದ ಕಾದೆ.

"ಹೆಸರು ಕರದಾಕಿ ಯಾರವ್ವ?"

"ಮನಿ ಮಾಲಕಿ."

"ಆಕಿಗೆ ಸೀರಿ ಉಡಿಸಿದ್ಯಾ?"

"ಇಲ್ಲಬೇ."

"ಛೀ! ಸೋದರತ್ತೀನ ಬರಿಗೈಲೆ ಕಳಸ್ತಾರೇನು? ಇವತ್ತ ಉಡಿಸು. ಕೂಸಿಗೆ ಅಲ್ಲಿ ಆಕೀನ ದಿಕ್ಕು."

ಊರಿಗೆ ಮರಳುವ ದಿನ ಉಡಲೆಂದು ಮಡಿಸಿಟ್ಟಿದ್ದ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಅಳುತ್ತಲೇ ಮಾರ್ಥಾಳ ಮೆಟ್ಟಿಲು ಹತ್ತಿದೆ.